ಮಾತ್ರೆಗೆ ಬಗ್ಗದ ರಕ್ತದೊತ್ತಡ
(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ವಾರಕ್ಕೆ ನಿಮಗೆ ಇರುವುದು ಒಂದೇ ಬಿಡುವಿನ ದಿನ. ಬಟ್ಟೆ ಒಗೆಯುವುದು, ರೇಷನ್ ತರುವುದು, ಸೌದೆ ಕೂಡಿಸುವುದು ಎಲ್ಲವನ್ನೂ ಬದಿಗಿಟ್ಟು ಇಲ್ಲಿ ಬಂದು ಕುಳಿತಿದ್ದೀರಿ. ಆದ್ದರಿಂದ ಸುತ್ತು ಬಳಸದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಾವು ಗಂಡಹೆಂಡಿರು ಇಬ್ಬರೂ ತೋಟದ ಡಿಸ್ಪೆನ್ಸರಿಗಳಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ಕೆಲಸ ಮಾಡಿ ನಿವೃತ್ತರಾದವರು. ಒಬ್ಬರು ನರ್ಸು, ಒಬ್ಬರು ಕಾಂಪೌಂಡರು. ನಾವು ಡಾಕ್ಟರರಲ್ಲ. ಆದರೆ ಬಿ.ಪಿ. ನೋಡುವ ಪಟ್ಟಿಯನ್ನು ಎಷ್ಟು ಸಾವಿರ ತೋಳುಗಳಿಗೆ ಸುತ್ತಿದ್ದೇವೋ ಲೆಕ್ಕವಿಲ್ಲ. ಆ ಕೆಲಸದಲ್ಲಿ ನಾವು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಇಡುವುದಕ್ಕಾಗಿಯೇ ಇಲ್ಲಿ ನಿಂತಿದ್ದೇವೆ. ನಾವು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಬೇಕು ಎಂಬುದೇ ಉದ್ದೇಶ.

2008ರಲ್ಲಿ ಒಬ್ಬ ಸಹೋದರಿ ನಮ್ಮಲ್ಲಿಗೆ ಬಂದಳು. ಆಗ ಅವಳಿಗೆ 29 ವರ್ಷ. ಅವಳ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದವರು. ಅವಳು ಪಾಡಿಮನೆಯಲ್ಲೇ ಹುಟ್ಟಿ, ಪಾಡಿಮನೆಗೇ ಮದುವೆಯಾಗಿ ಬಂದವಳು. ಎಲೆ ಕೀಳುವುದರಲ್ಲಿ ಅವಳ ಕೈಯನ್ನು ಮೀರಿಸುವವರು ಆ ವಿಭಾಗದಲ್ಲಿ ಇರಲಿಲ್ಲ. ಅವಳು ಹೇಳಿದ್ದು ಇಷ್ಟು:

"ಸಿಸ್ಟರಮ್ಮ, ಎಲೆ ಕೀಳ್ತಾ ಇದ್ರೆ ಬೆರಳು ಹಾಗೇ ಹಿಡ್ಕೊಂಡ್ಬಿಡ್ತದೆ. ರಾತ್ರಿ ಮೀನಖಂಡ ಕಲ್ಲಾಗ್ತದೆ. ಮೂರು ಸಲ ನಾಲ್ಕು ಸಲ ಎದ್ದು ಹೊರಗೆ ಹೋಗ್ಬೇಕು. ತಲೆನೋವಂತೂ ಬಿಡೋದೇ ಇಲ್ಲ."

ಬಿ.ಪಿ. ನೋಡಿದೆವು; 170ಕ್ಕೆ 110 ಇತ್ತು. ಮತ್ತೆ ಎರಡು ದಿನ ನೋಡಿದಾಗಲೂ ಹಾಗೆಯೇ ಇತ್ತು. ವಾರಕ್ಕೊಮ್ಮೆ ಬರುವ ಡಾಕ್ಟರರು ಒಂದು ಮಾತ್ರೆ ಬರೆದರು. ಆಮೇಲೆ ಎರಡಾಯಿತು, ಆಮೇಲೆ ಮೂರಾಯಿತು. ಬಿ.ಪಿ. 160ರಿಂದ ಕೆಳಗೆ ಇಳಿಯಲೇ ಇಲ್ಲ. ಆಗ ನಾವು ಏನು ಹೇಳಿದೆವು ಗೊತ್ತೇ? "ನೀನು ಮಾತ್ರೆ ಸರಿಯಾಗಿ ನುಂಗುತ್ತಿಲ್ಲ" ಎಂದೆವು. "ಉಪ್ಪಿನಕಾಯಿ, ಒಣಮೀನು ಬಿಟ್ಟಿಲ್ಲ" ಎಂದೆವು. "ಮನೆಯ ಚಿಂತೆ ತಲೆಗೆ ಹಚ್ಚಿಕೊಳ್ಳಬೇಡ" ಎಂದೆವು. ಕೈಕಾಲು ಹಿಡಿದುಕೊಳ್ಳುವುದಕ್ಕೆ, "ತೋಟದ ಕೆಲಸ ಅಂದರೆ ಅದೆಲ್ಲ ಇದ್ದದ್ದೇ" ಎಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಕಳುಹಿಸಿದೆವು. ಅವಳ ಗಂಡ ಮಾತ್ರೆಗಳನ್ನು ಎಣಿಸಿ ತೋರಿಸಿ, "ಅಣ್ಣಾ, ಒಂದೂ ಬಿಟ್ಟಿಲ್ಲ, ನೋಡಿ" ಎಂದ. ನಾವು ನಂಬಲಿಲ್ಲ.

ಹೀಗೆ ಒಂಬತ್ತು ವರ್ಷ ಕಳೆಯಿತು. 2017ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತೂಕದ ಹೊತ್ತಿಗೆ ಅವಳು ಚಹಾ ಸಾಲಿನ ನಡುವೆ ಕುಸಿದುಬಿದ್ದಳು. ಬಲಗೈ ಬಲಗಾಲು ಬಿದ್ದುಹೋದವು. ಆಗ ಅವಳಿಗೆ 38 ವರ್ಷ.

ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಪ್ರಾಣ ಉಳಿಯಿತು. ಮುಂದಿನ ವರ್ಷ ಅಲ್ಲಿಯ ಒಬ್ಬ ಯುವ ಡಾಕ್ಟರಮ್ಮ ಅವಳ ಹಳೇ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿ ಒಂದೇ ಪ್ರಶ್ನೆ ಕೇಳಿದರು: "ಇಷ್ಟು ಚಿಕ್ಕ ವಯಸ್ಸಿಗೆ ಬಿ.ಪಿ. ಬಂದಿದೆ, ಮೂರು ಮಾತ್ರೆಗೂ ಬಗ್ಗಿಲ್ಲ, ಕೈಕಾಲು ಹಿಡಿದುಕೊಳ್ಳುತ್ತದೆ. ಆಲ್ಡೊಸ್ಟೆರೋನ್ ನೋಡಿಸಿದ್ದೀರಾ?" ನಾವು ಜೊತೆಗೆ ಹೋಗಿದ್ದೆವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೆಸರನ್ನು ತರಬೇತಿಯ ಕಾಲದಲ್ಲಿ ಪುಸ್ತಕದಲ್ಲಿ ಓದಿದ್ದೆವು, ಅಷ್ಟೇ. ಒಬ್ಬ ರೋಗಿಯ ಮುಖ ನೋಡಿ ಆ ಹೆಸರನ್ನು ನೆನೆದವರಲ್ಲ.

ಪ್ರಿಯರೇ, ಆ ಹೆಸರು ಏನೆಂದು ಈಗ ಹೇಳುತ್ತೇವೆ.

ನಮ್ಮ ಬೆನ್ನಿನ ಹಿಂಭಾಗದಲ್ಲಿ ಎರಡು ಕಿಡ್ನಿಗಳಿವೆ. ಒಂದೊಂದು ಕಿಡ್ನಿಯ ನೆತ್ತಿಯ ಮೇಲೂ ಟೋಪಿ ಇಟ್ಟಂತೆ ಒಂದು ಸಣ್ಣ ಗ್ರಂಥಿ ಇದೆ. ಅದರ ಹೆಸರು ಅಡ್ರಿನಲ್. ಗಾತ್ರ ಸಣ್ಣದಾದರೂ ಅದರ ಕೆಲಸ ದೊಡ್ಡದು. ಅದು ರಕ್ತಕ್ಕೆ ಬಿಡುವ ರಸಗಳನ್ನು ಹಾರ್ಮೋನು ಎನ್ನುತ್ತಾರೆ. ಅವುಗಳಲ್ಲಿ ಒಂದು ಆಲ್ಡೊಸ್ಟೆರೋನ್. ಮೂತ್ರದಲ್ಲಿ ಉಪ್ಪು ಹೊರಗೆ ಹೋಗದಂತೆ ಹಿಡಿದಿಡುವುದು, ಅದರ ಬದಲಿಗೆ ಪೊಟ್ಯಾಸಿಯಂ ಎಂಬ ಇನ್ನೊಂದು ಲವಣವನ್ನು ಹೊರಗೆ ಕಳುಹಿಸುವುದು ಇದರ ಕೆಲಸ. ಉಪ್ಪು ನಿಂತರೆ ನೀರೂ ನಿಲ್ಲುತ್ತದೆ. ನೀರು ನಿಂತರೆ ರಕ್ತದ ಒತ್ತಡ ಏರುತ್ತದೆ.

ಇದನ್ನು ನಮ್ಮ ತೋಟದ ನೀರಿನ ತೊಟ್ಟಿಗೆ ಹೋಲಿಸಿ ನೋಡಿ. ತೊಟ್ಟಿಯಲ್ಲಿ ನೀರು ಕಡಿಮೆಯಾದರೆ ಕಾವಲುಗಾರ ಕೂಗುತ್ತಾನೆ; ಕೂಗು ಕೇಳಿ ಪಂಪಿನವನು ಪಂಪು ಹಾಕುತ್ತಾನೆ; ತೊಟ್ಟಿ ತುಂಬಿದರೆ ಕೂಗು ನಿಲ್ಲುತ್ತದೆ, ಪಂಪೂ ನಿಲ್ಲುತ್ತದೆ. ನಮ್ಮ ದೇಹದಲ್ಲಿ ಕಿಡ್ನಿಯೇ ಆ ಕಾವಲುಗಾರ. ಅದರ ಕೂಗಿನ ಹೆಸರು ರೆನಿನ್. ಅಡ್ರಿನಲ್ ಗ್ರಂಥಿಯೇ ಪಂಪಿನವನು. ಆರೋಗ್ಯವಂತರಲ್ಲಿ ಒತ್ತಡ ಏರಿದಾಗ ರೆನಿನ್ ಇಳಿಯುತ್ತದೆ, ಅದರ ಹಿಂದೆಯೇ ಆಲ್ಡೊಸ್ಟೆರೋನ್ ಕೂಡ ಇಳಿಯುತ್ತದೆ. ಆದರೆ ಕೆಲವರಲ್ಲಿ ಯಾರೂ ಕೂಗದಿದ್ದರೂ ಪಂಪು ಓಡುತ್ತಲೇ ಇರುತ್ತದೆ. ಒಂದು ಗ್ರಂಥಿಯಲ್ಲಿ ಸಣ್ಣ ಗಂಟು ಬೆಳೆದು ಹಾಗಾಗಬಹುದು; ಎರಡೂ ಗ್ರಂಥಿಗಳು ಮಿತಿಮೀರಿ ಕೆಲಸ ಮಾಡಿ ಹಾಗಾಗಬಹುದು. ಆ ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಈ ರೋಗವನ್ನು ಡಾಕ್ಟರರು ಪ್ರೈಮರಿ ಆಲ್ಡೊಸ್ಟೆರೋನಿಸಂ ಎನ್ನುತ್ತಾರೆ. ಪೊಟ್ಯಾಸಿಯಂ ಸೋರಿಹೋಗುವುದರಿಂದ ಕೆಲವರಿಗೆ ಸ್ನಾಯು ಹಿಡಿದುಕೊಳ್ಳುತ್ತದೆ, ನಿತ್ರಾಣವಾಗುತ್ತದೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ನಮ್ಮ ಸಹೋದರಿ ಮೊದಲ ದಿನವೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದಳು.

ಈ ರೋಗವನ್ನು ಮೊದಲು ಬಿಡಿಸಿ ಹೇಳಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರ್ ಜೆರೋಮ್ ಕಾನ್. ಅವರ ಕಥೆಗೂ ದುಡಿಯುವವರ ಬೆವರಿಗೂ ಒಂದು ನಂಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸುಡುವ ಸೆಕೆಯಲ್ಲಿ ದುಡಿಯುವ ಸೈನಿಕರ ದೇಹ ಆ ಸೆಕೆಗೆ ಹೇಗೆ ಒಗ್ಗುತ್ತದೆ ಎಂದು ಅವರು ಪರೀಕ್ಷಿಸಿದರು. ಕೆಲವು ದಿನ ಕಳೆದ ಮೇಲೆ ಬೆವರಿನಲ್ಲಿ ಉಪ್ಪು ಕಡಿಮೆಯಾಗುವುದನ್ನು ಕಂಡರು. ಉಪ್ಪನ್ನು ಹಿಡಿದಿಡುವುದು ಅಡ್ರಿನಲ್ ಗ್ರಂಥಿಯ ಕೆಲಸ ಎಂದು ಊಹಿಸಿದರು. 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಎಂಬ ವಿಜ್ಞಾನಿಗಳೂ ಅವರ ಸಂಗಡಿಗರೂ ಆ ಹಾರ್ಮೋನನ್ನು ಬೇರ್ಪಡಿಸಿ ತೋರಿಸಿದರು. ಅದೇ ಆಲ್ಡೊಸ್ಟೆರೋನ್.

1954ರಲ್ಲಿ ಕಾನ್ ಅವರ ಆಸ್ಪತ್ರೆಗೆ 34 ವರ್ಷದ ಒಬ್ಬ ಹೆಂಗಸು ಬಂದಳು. ಏಳು ವರ್ಷಗಳಿಂದ ಸ್ನಾಯು ಹಿಡಿತ, ಆಗಾಗ ಕಾಲು ಎತ್ತಲಾರದಷ್ಟು ನಿತ್ರಾಣ, ಜೊತೆಗೆ ಏರಿದ ರಕ್ತದೊತ್ತಡ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಅವಳ ಬೆವರನ್ನು ಪರೀಕ್ಷಿಸಿದರೆ ಅದರಲ್ಲಿ ಉಪ್ಪು ತೀರ ಕಡಿಮೆ. ಹಿಂದೆ ಸೈನಿಕರಲ್ಲಿ ಕಂಡದ್ದು ಕಾನ್ ಅವರಿಗೆ ನೆನಪಾಯಿತು. ತಿಂಗಳುಗಟ್ಟಲೆ ಅವಳನ್ನು ನೋಡಿಕೊಂಡು ಒಂದೊಂದನ್ನೂ ಅಳೆದರು. 1954ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬಲಗಡೆಯ ಅಡ್ರಿನಲ್ಲಿನಲ್ಲಿ ಸುಮಾರು 4 ಸೆಂಟಿಮೀಟರಿನ ಗಂಟು ಸಿಕ್ಕಿತು. ಅದನ್ನು ತೆಗೆದ ಮೇಲೆ ಆ ಹೆಂಗಸು ಚೇತರಿಸಿಕೊಂಡಳು. ಈಗಲೂ ಈ ರೋಗಕ್ಕೆ ಕಾನ್ ಸಿಂಡ್ರೋಮ್ ಎಂಬ ಹೆಸರು ನಡೆದುಬಂದಿದೆ.

ಆದರೆ ಮುಂದೆ ನಡೆದದ್ದನ್ನು ಕೇಳಿ. ಬಿ.ಪಿ. ಇರುವವರಲ್ಲಿ ಬಹಳ ಮಂದಿಗೆ ಈ ರೋಗ ಇರಬಹುದೆಂದು ಕಾನ್ ಅವರು 1960ರ ದಶಕದಲ್ಲೇ ಹೇಳಿದರು. ಹೆಚ್ಚಿನವರು ನಂಬಲಿಲ್ಲ. "ಅದು ಅಪರೂಪದ ರೋಗ, ನೂರರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು" ಎಂಬ ಮಾತೇ ಪುಸ್ತಕಗಳಲ್ಲಿ ನಿಂತಿತು. ಪೊಟ್ಯಾಸಿಯಂ ತೀರ ಕೆಳಗಿಳಿದವರಿಗೆ ಮಾತ್ರ ಹುಡುಕುತ್ತಿದ್ದರು. ಈಗ ತಿಳಿದಿರುವಂತೆ ಈ ರೋಗ ಇರುವವರಲ್ಲಿ ಹೆಚ್ಚು ಮಂದಿಗೆ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ. ಹುಡುಕಿದ ಕಡೆಯಲ್ಲೆಲ್ಲ ರೋಗ ಸಿಕ್ಕಿದೆ. ಇಟಲಿಯ ಟ್ಯೂರಿನ್ ಊರಿನಲ್ಲಿ ಮನೆ ಡಾಕ್ಟರರ ಬಳಿಗೆ ಬರುವ 1,672 ಮಂದಿ ಸಾಮಾನ್ಯ ಬಿ.ಪಿ. ರೋಗಿಗಳನ್ನು ಪರೀಕ್ಷಿಸಿದಾಗ 99 ಮಂದಿಗೆ ಈ ರೋಗ ಇತ್ತು. ಅದು 2017ರಲ್ಲಿ ಪ್ರಕಟವಾಯಿತು. ಎಂದರೆ ನೂರಕ್ಕೆ ಸುಮಾರು ಆರು. ಮೂರು ಮಾತ್ರೆಗೂ ಬಗ್ಗದ ಬಿ.ಪಿ. ಇರುವವರಲ್ಲಿ ಹೆಚ್ಚು ಕಡಿಮೆ ಐವರಲ್ಲಿ ಒಬ್ಬರಿಗೆ ಇದೆ. ಆದರೂ ಪರೀಕ್ಷೆ ನಡೆಯುವುದಿಲ್ಲ. ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳ ಲೆಕ್ಕ 2020ರಲ್ಲಿ ಹೊರಬಂತು. ಮಾತ್ರೆಗೆ ಬಗ್ಗದ ಬಿ.ಪಿ. ಇದ್ದ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಂದಿಯಲ್ಲಿ ನೂರಕ್ಕೆ ಇಬ್ಬರಿಗೂ ಈ ಪರೀಕ್ಷೆ ಆಗಿರಲಿಲ್ಲ. ಅಂಥ ಸಿರಿವಂತ ದೇಶದಲ್ಲೇ ಹೀಗಾದರೆ ನಮ್ಮ ಪಾಡಿಗಳ ಮಾತು ಏನು?

ಒತ್ತಡ ಒಂದೇ ಅಳತೆಯಲ್ಲಿದ್ದರೂ, ಈ ಹಾರ್ಮೋನು ಹೆಚ್ಚಿದವರಿಗೆ ಅಪಾಯ ಹೆಚ್ಚು. 2018ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬೇರೆ ಬಿ.ಪಿ. ರೋಗಿಗಳಿಗಿಂತ ಇವರಲ್ಲಿ ಲಕ್ವ ಹೊಡೆಯುವುದು ಸುಮಾರು ಎರಡೂವರೆ ಪಟ್ಟು, ಹೃದಯದ ಬಡಿತ ತಾಳ ತಪ್ಪುವುದು ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಕಂಡಿತು. ಆಲ್ಡೊಸ್ಟೆರೋನ್ ಹೃದಯವನ್ನೂ ರಕ್ತನಾಳಗಳನ್ನೂ ಕಿಡ್ನಿಯನ್ನೂ ನೇರವಾಗಿಯೇ ಕೆಡಿಸುತ್ತದೆ. ಉಪ್ಪು ಹೆಚ್ಚು ತಿಂದರೆ ಕೇಡು ಇನ್ನೂ ಹೆಚ್ಚು. ಅಸ್ಸಾಮಿನ ಚಹಾ ತೋಟಗಳಲ್ಲಿ ನಮ್ಮಂಥ ಕಾರ್ಮಿಕರು ಚಹಕ್ಕೇ ಉಪ್ಪು ಹಾಕಿ ಕುಡಿಯುವ ರೂಢಿ ಇದೆ, ಅಲ್ಲಿ ಬಿ.ಪಿ. ಬಹಳ ಮಂದಿಗೆ ಇರುವುದನ್ನು ವೈದ್ಯ ಸಂಶೋಧಕರು 2000ದ ಆಚೀಚೆಗೆ ಬರೆದಿದ್ದಾರೆ. ಆದ್ದರಿಂದ ಉಪ್ಪು ಕಡಿಮೆ ಮಾಡಿ ಎಂದು ನಾವು ಹೇಳಿದ್ದು ತಪ್ಪಲ್ಲ. ಅಷ್ಟನ್ನೇ ಹೇಳಿ, ರೋಗಿಯದೇ ತಪ್ಪು ಎಂದು ಕೈತೊಳೆದುಕೊಂಡದ್ದು ನಮ್ಮ ತಪ್ಪು.

ಹಾಗಾದರೆ ಯಾರು ಈ ಪರೀಕ್ಷೆ ಕೇಳಬೇಕು? ನಿಧಾನವಾಗಿ ಹೇಳುತ್ತೇವೆ, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಒಂದನೆಯದು, ಮೂತ್ರ ಹೋಗಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಮಾತ್ರೆಗಳನ್ನು ತಪ್ಪದೆ ನುಂಗಿದರೂ ಬಿ.ಪಿ. 140ಕ್ಕೆ 90ರ ಮೇಲೆಯೇ ಇರುವವರು. ನಾಲ್ಕು ಮಾತ್ರೆ ಬೇಕಾಗಿರುವವರು. ಎರಡನೆಯದು, ನಲವತ್ತು ದಾಟುವ ಮೊದಲೇ ಬಿ.ಪಿ. ಬಂದವರು, ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಸಣ್ಣ ಪ್ರಾಯದಲ್ಲೇ ಲಕ್ವ ಹೊಡೆದಿರುವವರು. ಮೂರನೆಯದು, ಬಿ.ಪಿ. ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇರುವವರು. ನಾಲ್ಕನೆಯದು, ಬೇರೆ ಕಾರಣಕ್ಕೆ ತೆಗೆಸಿದ ಸ್ಕ್ಯಾನಿನಲ್ಲಿ ಅಡ್ರಿನಲ್ ಗಂಟು ಕಂಡವರು. ಐದನೆಯದು, ಬಿ.ಪಿ. ಜೊತೆಗೆ ಹೃದಯದ ಬಡಿತ ತಾಳ ತಪ್ಪಿದವರು, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರು. ಆರನೆಯದು, ಮನೆಯಲ್ಲಿ ಹತ್ತಿರದವರಿಗೆ ಈ ರೋಗ ಇದೆಯೆಂದು ತಿಳಿದಿರುವವರು.

ಈಗ ಇದಕ್ಕಿಂತ ಮುಂದೆ ಹೋಗಿದ್ದಾರೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ, ಬಿ.ಪಿ. ಇದೆಯೆಂದು ಖಚಿತವಾದ ವಯಸ್ಕರೆಲ್ಲರಿಗೂ ಈ ಪರೀಕ್ಷೆಯನ್ನು ಆಲೋಚಿಸಬಹುದು ಎಂದಿತು. ಹಾರ್ಮೋನು ತಜ್ಞರ ಎಂಡೋಕ್ರೈನ್ ಸೊಸೈಟಿಯೂ 2025ರಲ್ಲಿ, ಬಿ.ಪಿ. ಇರುವ ಎಲ್ಲರಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದು ಸಲಹೆ ಕೊಟ್ಟಿತು. ನಮ್ಮ ಮಲೆಯಲ್ಲಿ ಎಲ್ಲರಿಗೂ ನಾಳೆಯೇ ಆಗಲಾರದು. ಆದರೆ ಈಗ ಹೇಳಿದ ಆರು ಬಗೆಯವರಿಗಾದರೂ ಆಗಲೇಬೇಕು.

ಪರೀಕ್ಷೆ ಹೇಗೆ ಎಂದು ಕೇಳುತ್ತೀರಿ. ಹೆದರುವಂಥದ್ದಲ್ಲ. ತೋಳಿನಿಂದ ರಕ್ತ ತೆಗೆದು ಎರಡನ್ನು ಅಳೆಯುತ್ತಾರೆ: ಆಲ್ಡೊಸ್ಟೆರೋನ್ ಎಷ್ಟು, ರೆನಿನ್ ಎಷ್ಟು. ಜೊತೆಗೆ ಪೊಟ್ಯಾಸಿಯಂ ನೋಡುತ್ತಾರೆ. ಕೂಗು ಇಲ್ಲ, ಆದರೂ ಪಂಪು ಓಡುತ್ತಿದೆ, ಅಂದರೆ ರೆನಿನ್ ತಗ್ಗಿದೆ, ಆಲ್ಡೊಸ್ಟೆರೋನ್ ತಗ್ಗಿಲ್ಲ ಎಂದಾದರೆ ಸಂಶಯ ಗಟ್ಟಿಯಾಗುತ್ತದೆ. ರಕ್ತ ಕೊಡುವುದು ಬೆಳಿಗ್ಗೆ. ಹಾಸಿಗೆಯಿಂದ ಎದ್ದು ಎರಡು ಗಂಟೆಯಾದರೂ ಓಡಾಡಿರಬೇಕು, ಆಮೇಲೆ ಐದರಿಂದ ಹದಿನೈದು ನಿಮಿಷ ಕುಳಿತಿರಬೇಕು. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಎಂದಿನ ಊಟವನ್ನೇ ಮಾಡಬೇಕು; ಪರೀಕ್ಷೆಗೆಂದು ಉಪ್ಪು ಬಿಡಬಾರದು, ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಕೆಲವು ಬಿ.ಪಿ. ಮಾತ್ರೆಗಳು ಈ ಲೆಕ್ಕವನ್ನು ಅತ್ತಿತ್ತ ಮಾಡುತ್ತವೆ. ಹಾಗೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಈ ಮಾತನ್ನು ಎರಡು ಸಲ ಹೇಳುತ್ತೇವೆ: ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನುಂಗುವ ಮಾತ್ರೆಗಳ ಪಟ್ಟೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರರ ಮೇಜಿನ ಮೇಲೆ ಸುರಿಯಿರಿ. ಮಾತ್ರೆ ನಡೆಯುತ್ತಿರುವಾಗಲೇ ರಕ್ತ ತೆಗೆಯಬಹುದೋ, ಯಾವುದನ್ನಾದರೂ ಬದಲಿಸಿ ತೆಗೆಯಬೇಕೋ ಅವರು ಹೇಳುತ್ತಾರೆ.

ಅದಕ್ಕೂ ಮೊದಲು ಬಿ.ಪಿ. ನಿಜವಾಗಿ ಏರಿದೆಯೇ ಎಂದು ನೋಡಬೇಕು. ತಲೆಯ ಮೇಲೆ ಎಲೆಮೂಟೆ ಹೊತ್ತು ಏರು ಹತ್ತಿ ಬಂದ ತಕ್ಷಣ ನೋಡಿದರೆ ಯಾರದ್ದಾದರೂ ಏರಿಯೇ ಇರುತ್ತದೆ. ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತು, ಆಮೇಲೆ ನೋಡಿಸಿ. ಬೇರೆ ಬೇರೆ ದಿನ ನೋಡಿಸಿ. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಲು ಹೇಳಿ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲೇ ಬಿ.ಪಿ. ಏರಿಸುವ ಕೆಲವು ವಸ್ತುಗಳಿವೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ದಿನಾ ನುಂಗುವ ನೋವಿನ ಮಾತ್ರೆ ಬಿ.ಪಿ. ಏರಿಸುತ್ತದೆ. ಕೆಮ್ಮಿಗೆ ಕಷಾಯ ಮಾಡುವ ಜೇಷ್ಠಮಧುವನ್ನು ವಾರಗಟ್ಟಲೆ ಹೆಚ್ಚಾಗಿ ತಿಂದರೆ ಅದು ಆಲ್ಡೊಸ್ಟೆರೋನ್ ಹೆಚ್ಚಿದಂತೆಯೇ ಕೆಲಸ ಮಾಡಿ ಪೊಟ್ಯಾಸಿಯಂ ಇಳಿಸುತ್ತದೆ. ಗರ್ಭ ತಡೆಯುವ ಕೆಲವು ಗುಳಿಗೆಗಳಿಂದಲೂ ಕೆಲವರಿಗೆ ಏರುತ್ತದೆ. ಸಂತೆಯಲ್ಲಿ ಕೀಲುನೋವಿಗೆಂದು ಮಾರುವ, ಹೆಸರು ಚೀಟಿ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಇವನ್ನೆಲ್ಲ ಡಾಕ್ಟರರಿಗೆ ಮುಚ್ಚಿಡಬೇಡಿ. ಆದರೆ ಸ್ಟೀರಾಯ್ಡ್ ಬಹಳ ದಿನ ತಿಂದವರು ಅದನ್ನು ದಿಢೀರನೆ ನಿಲ್ಲಿಸುವುದೂ ಅಪಾಯ; ಡಾಕ್ಟರರಿಗೆ ಹೇಳಿಯೇ ಇಳಿಸಬೇಕು.

ಸ್ಟೀರಾಯ್ಡಿನ ಮಾತು ಬಂತು. ಅಡ್ರಿನಲ್ ಗ್ರಂಥಿ ಬಿ.ಪಿ. ಏರಿಸುವ ಬೇರೆ ದಾರಿಗಳೂ ಇವೆ. ಕಾರ್ಟಿಸಾಲ್ ಎಂಬ ಹಾರ್ಮೋನು ಮಿತಿಮೀರಿದರೆ ಮುಖ ಗುಂಡಗೆ ಊದಿಕೊಳ್ಳುತ್ತದೆ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಬೀಳುತ್ತದೆ, ಸ್ವಲ್ಪ ತಗಲಿದರೂ ಚರ್ಮ ಕಂದುತ್ತದೆ, ಕುಕ್ಕರಗಾಲಿನಿಂದ ಏಳುವುದಕ್ಕೆ ತೊಡೆಯಲ್ಲಿ ಬಲವಿರುವುದಿಲ್ಲ. ಇದನ್ನು ಕುಶಿಂಗ್ ರೋಗಲಕ್ಷಣ ಎನ್ನುತ್ತಾರೆ. ಇನ್ನೊಂದು, ಫಿಯೊಕ್ರೊಮೊಸೈಟೋಮ ಎಂಬ ಅಪರೂಪದ ಗಂಟು. ಇದ್ದಕ್ಕಿದ್ದಂತೆ ತಲೆನೋವು, ಮೈತುಂಬ ಬೆವರು, ಎದೆ ಡವಡವ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಇಳಿದುಹೋಗುತ್ತದೆ. ನೋಡಿದವರು ಗಾಳಿ ಸೋಕಿದೆ ಎಂದಾರು, ಭಯ ಎಂದಾರು. ಇದಕ್ಕೆ ಬೇರೆ ರಕ್ತಪರೀಕ್ಷೆ, ಇಲ್ಲವೇ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಕೂಡಿಸಿ ಮಾಡುವ ಪರೀಕ್ಷೆ ಇದೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಕಡಿಮೆ ಮಾಡಿದರೂ ಬಿ.ಪಿ. ಏರಬಹುದು. ಇವುಗಳೆಲ್ಲದರ ನಡುವೆ ಹೆಚ್ಚು ಸಿಗುವುದೂ, ಹೆಚ್ಚು ತಪ್ಪಿಹೋಗುವುದೂ ಆಲ್ಡೊಸ್ಟೆರೋನಿನ ರೋಗವೇ. ಅದಕ್ಕಾಗಿ ಅದರ ಮೇಲೇ ಒತ್ತು ಕೊಟ್ಟು ಮಾತಾಡುತ್ತಿದ್ದೇವೆ.

ರೋಗ ಇದೆ ಎಂದು ಬಂದರೆ ಮುಂದೇನು? ಕೆಲವರಿಗೆ ಇನ್ನೊಂದು ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ಗ್ರಂಥಿಗಳ ಸ್ಕ್ಯಾನ್ ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಗೆ ಒಪ್ಪುವವರಾದರೆ, ಎರಡೂ ಗ್ರಂಥಿಗಳ ರಕ್ತನಾಳದಿಂದ ಬೇರೆ ಬೇರೆ ರಕ್ತ ತೆಗೆದು ತಪ್ಪು ಯಾವ ಕಡೆಯದು ಎಂದು ನೋಡುವುದುಂಟು. ಇದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ. ಒಂದೇ ಕಡೆಯದಾದರೆ ಆ ಗ್ರಂಥಿಯನ್ನು ಸಣ್ಣ ತೂತುಗಳ ಮೂಲಕ ತೆಗೆಯುತ್ತಾರೆ. ಉಳಿದ ಒಂದು ಗ್ರಂಥಿ ಸಾಕಾಗುತ್ತದೆ. ಹೀಗೆ ತೆಗೆಸಿಕೊಂಡವರ ಫಲವನ್ನು ಹಲವು ದೇಶಗಳಲ್ಲಿ ಕೂಡಿಸಿ 2017ರಲ್ಲಿ ಪ್ರಕಟಿಸಿದರು: ನೂರರಲ್ಲಿ 37 ಮಂದಿಗೆ ಮಾತ್ರೆಯೇ ಇಲ್ಲದೆ ಬಿ.ಪಿ. ಸರಿಯಾಯಿತು, ಇನ್ನು 47 ಮಂದಿಗೆ ಬಿ.ಪಿ. ಇಳಿಯಿತು, ಇಲ್ಲವೇ ಮಾತ್ರೆ ಕಡಿಮೆಯಾಯಿತು.

ಎರಡೂ ಕಡೆಯದಾದರೆ, ಇಲ್ಲವೇ ಶಸ್ತ್ರಚಿಕಿತ್ಸೆ ಬೇಡವಾದರೆ, ಆಲ್ಡೊಸ್ಟೆರೋನಿನ ಕೆಲಸವನ್ನೇ ತಡೆಯುವ ಮಾತ್ರೆ ಇದೆ. ಸ್ಪಿರೊನೊಲ್ಯಾಕ್ಟೋನ್ ಎಂದು ಹೆಸರು. ಅರುವತ್ತು ವರ್ಷಕ್ಕಿಂತ ಹಳೆಯ ಔಷಧ, ಬೆಲೆಯೂ ಹೆಚ್ಚಲ್ಲ. ಆದರೆ ಎಚ್ಚರ ಬೇಕು. ಪೊಟ್ಯಾಸಿಯಂ ಈಗ ಮೇಲಕ್ಕೆ ಏರಬಹುದು. ಆದ್ದರಿಂದ ರಕ್ತ ನೋಡಿಸುತ್ತಿರಬೇಕು. ಅಂಗಡಿಯಲ್ಲಿ ಬಿ.ಪಿ.ಯವರಿಗೆಂದು ಸಿಗುವ ಕೆಲವು ಉಪ್ಪುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದನ್ನು ಕೇಳದೆ ತಿನ್ನಬಾರದು. ಗಂಡಸರಿಗೆ ಕೆಲವೊಮ್ಮೆ ಎದೆ ಊದಿ ನೋಯುತ್ತದೆ. ನಾಚಿಕೊಂಡು ಮಾತ್ರೆ ಬಿಡುವ ಬದಲು ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಬಸುರಿಯರು, ಬಸುರಿಯಾಗಲು ಇರುವವರು ಮೊದಲೇ ಡಾಕ್ಟರರಿಗೆ ತಿಳಿಸಬೇಕು.

ಈಗ ನಮ್ಮ ನಿಜವಾದ ಕಷ್ಟಕ್ಕೆ ಬರೋಣ. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ ವೈದ್ಯಸಹಾಯವನ್ನು ಮಾಲೀಕರ ಹೊಣೆಯಾಗಿ ಮಾಡಿತ್ತು. ನಮ್ಮಂಥವರು ಆ ಹೊಣೆಯ ನೆರಳಿನಲ್ಲೇ ಕೆಲಸ ಮಾಡಿದೆವು. ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಆರಂಭವಾಗಿ, ಬಿ.ಪಿ. ಮತ್ತು ಸಕ್ಕರೆ ಮಾತ್ರೆಗಳು ಮನೆ ಬಾಗಿಲಿಗೇ ಬಂದವು. ಮಾತ್ರೆ ಬಾಗಿಲಿಗೆ ಬರುವುದು ದೊಡ್ಡ ಉಪಕಾರ. ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಮಾತ್ರೆ ಬಂದ ಮೇಲೂ ಬಿ.ಪಿ. ಇಳಿಯದಿದ್ದರೆ ಆ ಮಾತು ಮೇಲಕ್ಕೆ ಹೋಗಬೇಕು. ಮಾತ್ರೆ ತರುವ ತಂಗಿಯ ಹತ್ತಿರ ಹೇಳಿ: "ಮೂರು ತಿಂಗಳಿಂದ ಇಳಿದಿಲ್ಲಮ್ಮ, ಡಾಕ್ಟರಿಗೆ ಬರೆದುಕೊಡು."

ಈ ಪರೀಕ್ಷೆ ತೋಟದ ಡಿಸ್ಪೆನ್ಸರಿಯಲ್ಲಿ ಆಗುವುದಿಲ್ಲ. ದೊಡ್ಡ ಊರಿಗೆ ಹೋಗಬೇಕು. ಗೂಡಲೂರು ಸೀಮೆಯವರಿಗೆ ಊಟಿ, ಕೊಯಮತ್ತೂರು, ವಯನಾಡಿನವರಿಗೆ ಕೋಳಿಕ್ಕೋಡು, ತಾಳವಾಡಿಯವರಿಗೆ ಮೈಸೂರು, ಹೊಸೂರಿನವರಿಗೆ ಬೆಂಗಳೂರು, ಕಾಸರಗೋಡಿನವರಿಗೆ ಮಂಗಳೂರು. ಹೋದರೆ ಒಂದು ದಿನದ ಹಾಜರಿ ಹೋಯಿತು, ಬಸ್ಸಿನ ಖರ್ಚು, ಲ್ಯಾಬಿನ ಖರ್ಚು. ನಮಗೆ ಗೊತ್ತಿದೆ. ಅದಕ್ಕೆ ಈ ಕೂಟದ ಮುಂದೆ ಒಂದು ಬೇಡಿಕೆ ಇಡುತ್ತೇವೆ. ಪ್ರತಿ ಪಾಡಿಯಲ್ಲೂ ಒಂದು ನೋಟುಪುಸ್ತಕ ಇರಲಿ. ಬಿ.ಪಿ. ಇರುವವರ ಹೆಸರು, ವಯಸ್ಸು, ತಿಂಗಳಿಗೊಮ್ಮೆಯ ಅಳತೆ, ನುಂಗುವ ಮಾತ್ರೆ ಇಷ್ಟನ್ನು ಓದು ಬಲ್ಲ ಮಕ್ಕಳು ಬರೆಯಲಿ. ಅದರಲ್ಲಿ ಆ ಆರು ಬಗೆಗೆ ಸೇರಿದವರನ್ನು ಆರಿಸಿ, ನಾಲ್ಕೈದು ಮಂದಿಯನ್ನು ಒಂದೇ ದಿನ, ಒಂದೇ ಜೀಪಿನಲ್ಲಿ, ಭಾಷೆ ಬಲ್ಲ ಒಬ್ಬರ ಜೊತೆ ಕಳುಹಿಸೋಣ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ಕೇಳೋಣ. ಕೇಳಬೇಕಾದ ಮಾತು ಒಂದೇ: "ಡಾಕ್ಟರೇ, ನನ್ನ ಬಿ.ಪಿ. ಇಳಿಯುತ್ತಿಲ್ಲ. ಆಲ್ಡೊಸ್ಟೆರೋನ್, ರೆನಿನ್ ನೋಡಬೇಕೇ?" ಈ ಎರಡು ಹೆಸರುಗಳನ್ನು ಚೀಟಿಯಲ್ಲಿ ಬರೆದು ತಂದಿದ್ದೇವೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ.

ನಮ್ಮ ಸಹೋದರಿಯ ಮಾತು ಮುಗಿಸಿ ಕುಳಿತುಕೊಳ್ಳುತ್ತೇವೆ. ಅವಳ ಎಡಗಡೆಯ ಗ್ರಂಥಿಯಲ್ಲಿ ಗಂಟು ಇತ್ತು. 2018ರಲ್ಲಿ ಅದನ್ನು ತೆಗೆದರು. ಈಗ ಒಂದೇ ಮಾತ್ರೆ, ಬಿ.ಪಿ. ಹತೋಟಿಯಲ್ಲಿದೆ. ಬೆರಳು ಹಿಡಿದುಕೊಳ್ಳುವುದು ನಿಂತಿತು, ರಾತ್ರಿ ನಿದ್ದೆ ಬಂತು. ಆದರೆ ಎಲೆ ಕೀಳುತ್ತಿದ್ದ ಆ ಬಲಗೈ ಹಿಂದಕ್ಕೆ ಬರಲಿಲ್ಲ. ಎಡಗೈಯಲ್ಲೇ ಅಡುಗೆ ಮಾಡುತ್ತಾಳೆ. ನಾವು ಹೋಗಿ, "ನಿನ್ನನ್ನು ಸುಮ್ಮನೆ ಬೈದೆವಮ್ಮ, ತಪ್ಪಾಯಿತು" ಎಂದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಿಸ್ಟರಮ್ಮ, ನನ್ನ ತಮ್ಮನಿಗೂ ಬಿ.ಪಿ. ಇದೆ. ಅವನನ್ನ ಕರ್ಕೊಂಡು ಹೋಗಿ" ಎಂದಳು. ಕರೆದುಕೊಂಡು ಹೋದೆವು. ಅವನಿಗೆ ಎರಡೂ ಗ್ರಂಥಿಗಳ ತೊಂದರೆ ಇತ್ತು. ಸ್ಪಿರೊನೊಲ್ಯಾಕ್ಟೋನ್ ಮಾತ್ರೆಯಲ್ಲಿ ಇಳಿದಿದೆ. ಇಂದಿಗೂ ಕವಾತು ಕತ್ತಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದಾನೆ.

ಈ ಭಾಷಣಕ್ಕೆ ಬರುವ ಮೊದಲು ಅವಳ ಒಪ್ಪಿಗೆ ಕೇಳಿದೆವು. "ವಿಷಯ ಹೇಳಿ, ಹೆಸರು ಹೇಳ್ಬೇಡಿ" ಎಂದಳು. ಹಾಗೆಯೇ ಮಾಡಿದ್ದೇವೆ.

ಹೊರಗೆ ಮರದ ಕೆಳಗೆ ಬಿ.ಪಿ. ನೋಡುವ ಮೇಜು ಹಾಕಿದೆ. ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ಬನ್ನಿ.